ತಮ್ಮ ಕೃಪೆಯಿಂದ ಕ್ಷೇಮ

ಬಹಳ ಹಿಂದೆ, ಅಂದರೆ ನಿಜ ಹೇಳಲು ಅಪ್ಪಣೆ ಬೇಕಿದ್ದ ಕಾಲದಲ್ಲಿ, ಮತ್ತಗಿರಿ ಎಂಬ ರಾಜ್ಯವಿತ್ತು. ಅದನ್ನು ಪರಮತೃಪ್ತ ಮಹಾರಾಜರು ಆಳುತ್ತಿದ್ದರು. ಅವರು "ಕ್ಷೇಮವೇ?" ಎಂದು ಕೇಳಿದರೆ ಪ್ರಜೆಗಳು "ತಮ್ಮ ಕೃಪೆಯಿಂದ ಕ್ಷೇಮ" ಎನ್ನಬೇಕು; ಬೇರೆ ಉತ್ತರ ರಾಜದ್ರೋಹ. ಹಿಂದೊಮ್ಮೆ ಕಾಲರಾ ಬಂದಾಗ ಊರಿಗೆ ಊರೇ ಕ್ಷೇಮವಾಗಿ ಸತ್ತಿತ್ತು.

ಆಸ್ಥಾನ ವೈದ್ಯೆ ಹಾಲವ್ವನಿಗೆ ಒಬ್ಬ ತಮ್ಮ, ಗಾರೆ ಕೆಲಸದ ಕೆಂಚ. ಬೆಳಿಗ್ಗೆ ಹೆಂಡ ಬೀಳದಿದ್ದರೆ ಅವನ ಕೈ ನಡುಗುತ್ತಿತ್ತು, ಬಿದ್ದರೆ ಅವನು ಕಟ್ಟಿದ ಗೋಡೆ ನಡುಗುತ್ತಿತ್ತು. ಅವನಿಗೆಂದೇ ಹಾಲವ್ವ ಕುಡಿತ ಬಿಡಿಸುವ ಮದ್ದು ಅರೆದಳು.

"ಕೊಡೇ ಅಕ್ಕ, ಈಗ್ಲೇ ನುಂಗ್ತೀನಿ."

"ಸುಮ್ನಿರೋ. ಕುಡ್ತ ಬಿಡಿಸೋಕೆ ಹೋಗಿ ಪ್ರಾಣ ಬಿಡಿಸಿದ್ರೆ? ಮೊದ್ಲು ಪರೀಕ್ಷೆ ಆಗ್ಲಿ."

ಆನೆಲಾಯದ ಹತ್ತು ಮಂದಿ ಕುಡುಕರು ಪರೀಕ್ಷೆಗೆ ಒಪ್ಪಿದರು. ಕೆಲವೇ ದಿನಗಳಲ್ಲಿ ಹೆಂಡದ ವಾಸನೆಗೇ ಮೂಗು ಮುರಿಯತೊಡಗಿದರು. ಹಾಲವ್ವ ಹಿಗ್ಗಿದಳು. ಆದರೆ ನೋಡುತ್ತಾಳೆ, ಹತ್ತೂ ಮಂದಿ ಹಿಂದು ಹಿಂದಕ್ಕೇ ನಡೆಯುತ್ತಿದ್ದಾರೆ! ಮುಂದಕ್ಕೆ ಕಾಲೇ ಏಳದು. ಅವಳು ಮಹಾಮಂತ್ರಿ ತಲೆದೂಗಯ್ಯನ ಬಳಿಗೆ ಓಡಿದಳು.

"ಬುದ್ಧೀ, ಇದು ಸೈಡ್ ಎಫೆಕ್ಟು. ಮದ್ದನ್ನ ಇನ್ನೂ ತಿದ್ದಬೇಕು."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರಮ್ಮ? ಪ್ರಭುಗಳೇ ಖುದ್ದಾಗಿ ಫೀಡ್‌ಬ್ಯಾಕ್ ತಗೋತಾರೆ."

ಹತ್ತು ಮಂದಿಯನ್ನೂ ಹೊತ್ತು ತಂದು ಸಿಂಹಾಸನದ ಮುಂದೆ ನಿಲ್ಲಿಸಲಾಯಿತು.

"ಕ್ಷೇಮವೇ?" ಎಂದರು ಮಹಾರಾಜರು.

"ತಮ್ಮ ಕೃಪೆಯಿಂದ ಕ್ಷೇಮ!" ಎಂದರು ಹತ್ತೂ ಮಂದಿ.

"ಸುರಕ್ಷತೆ ನೂರಕ್ಕೆ ನೂರು!" ಎಂದು ತಲೆದೂಗಯ್ಯ ಘೋಷಿಸಿದ.

ಅಪ್ಪಣೆ ಪಡೆದ ಹತ್ತು ಮಂದಿ ಮಹಾರಾಜರಿಗೆ ಮುಖ ಮಾಡಿಕೊಂಡೇ ಹಿಂದೆ ಸರಿದರು. ಬಾಗಿಲು ದಾಟಿದರು, ಮೆಟ್ಟಿಲಿಳಿದರು, ಪೇಟೆಯ ತಿರುವಿನವರೆಗೂ ಹಾಗೆಯೇ ಹೋದರು. ಮಹಾರಾಜರ ಕಣ್ಣು ತುಂಬಿ ಬಂತು.

"ಕಂಡಿರಾ! ನಮ್ಮ ಮಂತ್ರಿಗಳು ಹೊಸ್ತಿಲಾಚೆ ಕಾಲಿಟ್ಟೊಡನೆ ಬೆನ್ನು ತೋರಿಸುತ್ತಾರೆ. ಇವರದು ಎಂಥ ವಿನಯ!"

"ಪ್ರಭೂ, ಅದು ವಿನಯ ಅಲ್ಲ, ರೋಗ..." ಎಂದಳು ಹಾಲವ್ವ.

"ಪ್ರಭುಗಳು ವಿನಯ ಅಂದ ಮೇಲೆ ಅದು ವಿನಯಾನೇ ಕಣಮ್ಮ," ಎಂದ ತಲೆದೂಗಯ್ಯ.

ಮಾರನೆಯ ದಿನವೇ ಡಂಗುರ ಹೊಡೆಸಲಾಯಿತು. ಕುಡಿಯುವವರು, ಕುಡಿಯದವರು ಎಲ್ಲರೂ ಮದ್ದು ನುಂಗತಕ್ಕದ್ದು. ಮಂತ್ರಿಗಳಿಗೂ ಮದ್ದು ಅರೆಯುವವಳಿಗೂ ಮಾತ್ರ ವಿನಾಯಿತಿ. ಇನ್ನು ಮುಂದೆ ಹೆಂಡದಂಗಡಿ ಕಂಡಲ್ಲಿ ಪ್ರಜೆಗಳು ಅದಕ್ಕೆ ಬೆನ್ನು ಮಾಡತಕ್ಕದ್ದು. ಮುಖ ಮಾಡಿದವರಿಗೆ ದಂಡ.

ಪ್ರಜೆಗಳು ಅಂಗಡಿ ಕಂಡರು, ಬೆನ್ನು ಮಾಡಿದರು, ಕಾಲೆತ್ತಿದರು, ನೇರ ಒಳಗೆ ಹೋದರು. ಹುಟ್ಟಿದಾರಭ್ಯ ಹೆಂಡ ಮುಟ್ಟದ ಪುರೋಹಿತರೂ ಹೋದರು. ಹೊರಗೆ ಬರಬೇಕಾದರೆ ಪೀಪಾಯಿಗೆ ಮುಖ ಮಾಡಿ ಹಿಂದೆ ಸರಿಯಬೇಕು. ಮುಖ ಮಾಡಿದರೆ ದಂಡ. ಹೆಂಡದ ಸುಂಕ ನಿಂತುಹೋಯಿತು, ಬೊಕ್ಕಸ ಮಾತ್ರ ಉಕ್ಕಿ ಹರಿಯಿತು.

ಹಾಲವ್ವನಿಗೆ 'ಕ್ಷೇಮಭೂಷಣೆ' ಬಿರುದು ಕೊಡುವುದೆಂದಾಯಿತು. ಅರಮನೆಗೆ ಹೋಗುವ ದಾರಿಯಲ್ಲಿ, ಅಂಗಡಿಯೊಳಗಿಂದ ಕೆಂಚ ಕೂಗಿದ.

"ಅಕ್ಕಾ, ಒಂದು ತೊಟ್ಟೂ ಮುಟ್ಟಿಲ್ಲ ಕಣೆ! ಕೈ ನೋಡು, ನಡುಗ್ತಾನೇ ಇಲ್ಲ."

"ಮತ್ತೆ ಮನೆಗೆ ಬಾರೋ."

"ಕೂಲಿಯೆಲ್ಲ ದಂಡಕ್ಕೇ ಹೋಯ್ತು, ಹೊರಗೆ ಬರೋಕೆ ಕಾಸಿಲ್ಲ. ಕುಡೀತಿದ್ದಾಗ್ಲೇ ವಾಸಿಯಿತ್ತು, ರಾತ್ರಿ ಮನೆಗಾದ್ರೂ ಬರ್ತಿದ್ದೆ. ರಾಜರಿಗೆ ಒಂದು ಮಾತು ಹೇಳೇ."

ಹೇಳಿಯೇ ತೀರುತ್ತೇನೆಂದು ಹಾಲವ್ವ ದಾಪುಗಾಲು ಹಾಕಿದಳು. ಮಹಾರಾಜರು ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ, ನಕ್ಕು ಕೇಳಿದರು: "ಕ್ಷೇಮವೇ?"

ಹಾಲವ್ವ ಬಾಯಿ ತೆರೆದಳು. ಎರಡೂ ಬದಿಯ ಭಟರು ಈಟಿ ಸರಿಮಾಡಿಕೊಂಡರು.

"ತಮ್ಮ ಕೃಪೆಯಿಂದ ಕ್ಷೇಮ," ಎಂದಳು.

ಆಮೇಲೆ ಕೈ ಮುಗಿದು ಹಿಂದೆ ಸರಿದಳು. ಬಾಗಿಲು ದಾಟಿದಳು, ಮೆಟ್ಟಿಲಿಳಿದಳು, ಪೇಟೆಯ ತಿರುವಿನವರೆಗೂ ಹಾಗೆಯೇ ಹೋದಳು.

ಅವಳು ಮದ್ದು ನುಂಗಿರಲಿಲ್ಲ.