ಒಗೆಯಬಾರದ ಚೀಲ

ಹತ್ತು ದಿನ. ಬರೀ ಹತ್ತು ದಿನ ಒಂದು ಚೀಲವನ್ನು ಕಾಯುವುದು ಯಾವ ಮಹಾ ಕೆಲಸ ಎಂದುಕೊಂಡ ಬೋಳು. ಮನೆಮಂದಿಯನ್ನೆಲ್ಲ ನಡುಮನೆಯಲ್ಲಿ ಸೇರಿಸಿ ಘೋಷಣೆ ಹೊರಡಿಸಿದ. ಮನೆಮಂದಿ ಎಂದರೆ ಹೆಂಡತಿ ಒಬ್ಬಳೇ. ಈ ಚೀಲವನ್ನು ಯಾರೂ ಮುಟ್ಟತಕ್ಕದ್ದಲ್ಲ, ತೆರೆಯತಕ್ಕದ್ದಲ್ಲ, ಬಿಸಿಲಿಗೆ ಇಡತಕ್ಕದ್ದಲ್ಲ, ಗಾಳಿಗಂತೂ ಖಂಡಿತ ಇಡತಕ್ಕದ್ದಲ್ಲ! ನಿಧಿ ಕಾಯುವ ಸರ್ಪಕ್ಕೂ ತನಗೂ ಇನ್ನು ಹತ್ತು ದಿನ ವ್ಯತ್ಯಾಸವಿಲ್ಲ ಎಂದ. ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಸರ್ಪಕ್ಕೆ ಈ ನಾತ ತಡೆಯುವ ಶಕ್ತಿ ಇದ್ದೀತು, ತನಗಿಲ್ಲ ಎಂದು ಒಳಗೆ ಹೋದಳು.

ಬೋಳು ಎಂಬ ಹೆಸರಿಗೂ ತಲೆಗೂ ಸಂಬಂಧವಿಲ್ಲ. ಕನ್ನಡಕದ ಅಂಗಡಿ ನಡೆಸುವ ಈ ನಲವತ್ತಾರರ ಮನುಷ್ಯನಿಗೆ ತಲೆ ತುಂಬ ಕೂದಲಿದೆ. ಭಾನುವಾರ ಬೆಳಿಗ್ಗೆ ಊರಾಚೆಯ ಗುಡ್ಡದ ಕಲ್ಲುಹಾದಿಯಲ್ಲಿ ಸೈಕಲ್ ಇಳಿಸುವ ಗುಂಪು ಇಟ್ಟ ಹೆಸರದು. ಮೈಮೇಲೆ ಎಷ್ಟು ಕಟ್ಟಿಕೊಳ್ಳಬೇಕು ಎನ್ನುವುದರಲ್ಲಿ ಆ ಗುಂಪಿನಲ್ಲಿ ಇಬ್ಬರಿಗೆ ಒಂದು ಅಭಿಪ್ರಾಯವಿರಲಿಲ್ಲ. ಬ್ಯಾಂಕಿನವರು ಮೊಣಕಾಲಿಗೆ ಗಾರ್ಡು ಕಟ್ಟಿ ಮೊಣಕೈಯನ್ನು ದೇವರಿಗೆ ಬಿಡುತ್ತಿದ್ದರು. ಡೆಂಟಿಸ್ಟು ಹಲ್ಲು ಮುಚ್ಚುವ ಹೆಲ್ಮೆಟ್ ಹಾಕಿ ಚಡ್ಡಿಯಲ್ಲಿ ಬರುತ್ತಿದ್ದ. ತಲೆಗೊಂದು ಅರ್ಧ ಹೆಲ್ಮೆಟ್ ಬಿಟ್ಟರೆ ಬೋಳು ಏನನ್ನೂ ಹಾಕುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅವನ ಗೆಳೆಯ, ಲಿಫ್ಟ್ ಮೆಕ್ಯಾನಿಕ್, ಏನನ್ನೂ ಬಿಡುತ್ತಿರಲಿಲ್ಲ: ಗಲ್ಲದವರೆಗೆ ಮುಚ್ಚುವ ಹೆಲ್ಮೆಟ್, ಕುತ್ತಿಗೆಗೆ ಪಟ್ಟಿ, ಕೈಗೆ ಗವಸು, ಎದೆ ಬೆನ್ನು ಎರಡಕ್ಕೂ ಗಟ್ಟಿ ಫೋಮಿನ ಕವಚ, ಮೊಣಕೈಗೆ, ಮೊಣಕಾಲಿಗೆ, ಮೀನಖಂಡಕ್ಕೆ ಬೇರೆ ಬೇರೆ ಗಾರ್ಡು, ಸೊಂಟಕ್ಕೆ ದಿಂಬಿನಂಥ ಚಡ್ಡಿ. ಅವನಿಗೆ ಕವಚ ಎಂದೇ ಹೆಸರಾಯಿತು. ಕವಚ ಕಟ್ಟಿಕೊಂಡು ಮುಗಿಸುವ ಹೊತ್ತಿಗೆ ಗುಡ್ಡವೇ ಸವೆದು ಹೋಗಿರುತ್ತದೆ ಎಂದು ಬೋಳು ರೇಗಿಸುತ್ತಿದ್ದ. ಕವಚ ಕೋಪಿಸಿಕೊಳ್ಳುತ್ತಿರಲಿಲ್ಲ.

"ಎಷ್ಟು ಹಾಕ್ಕೋಬೇಕು ಅಂತ ಗುಡ್ಡಾನ ಕೇಳಬಾರದು ಕಣೋ, ಮನೇಲಿ ಕಾಯ್ತಿರೋರನ್ನ ಕೇಳಬೇಕು. ನಮ್ಮನೆಯವಳನ್ನ ಕೇಳಿದ್ರೆ ಹಾಸಿಗೇನೂ ಸುತ್ಕೊಂಡು ಹೋಗಿ ಅಂತಾಳೆ."

ತಿಂಗಳ ಹಿಂದೆ ಒಂದು ಮಧ್ಯಾಹ್ನ, ಆಫೀಸಿನ ಕುರ್ಚಿಯಲ್ಲಿ ಕೂತು ಕೆಲಸದ ಹಾಳೆ ತುಂಬುತ್ತಿದ್ದಾಗ, ಕವಚನ ಎದೆಬಡಿತ ನಿಂತುಹೋಯಿತು. ಆ ಹೊತ್ತಿಗೆ ಅವನ ಮೈಮೇಲಿದ್ದದ್ದು ಒಂದು ಅರ್ಧ ತೋಳಿನ ಹತ್ತಿ ಅಂಗಿ.

ಅವನ ಹೆಂಡತಿ, ಬೋಳುವಿನ ಬಾಯಲ್ಲಿ ಅತ್ತಿಗೆ, ಚೀಲ ತಂದುಕೊಟ್ಟಾಗ ಅಳಲಿಲ್ಲ. ಅವನು ತೀರಿಕೊಂಡ ದಿನವೇ ನಾದಿನಿಯರು ಸಹಾಯ ಮಾಡಲು ಹೋಗಿ ಮನೆಯನ್ನೆಲ್ಲ ಒಗೆದು ಹಾಕಿದ್ದರಂತೆ. ದಿಂಬಿನ ಕವರು, ಅಂಗಿ, ಟವೆಲು, ಹೆಲ್ಮೆಟ್ಟಿನ ಒಳಗಾದಿ ಸಹ. ಈಗ ಎಲ್ಲಕ್ಕೂ ಸೋಪಿನ ವಾಸನೆ. ಬಾಲ್ಕನಿಯಲ್ಲಿ ಮರೆತು ಉಳಿದಿದ್ದು ಈ ಚೀಲದ ಗಾರ್ಡುಗಳು ಮಾತ್ರ. ನಾದಿನಿಯರು ಹತ್ತು ದಿನ ಇರಲು ಮತ್ತೆ ಬರುತ್ತಿದ್ದಾರೆ. ಅವರ ಕಣ್ಣಿಗೆ ಬಿದ್ದರೆ ಇದೂ ಬಕೆಟ್ಟಿಗೆ ಹೋಗುತ್ತದೆ.

"ಅವರ ವಾಸನೆ ಇರೋದು ಇದರಲ್ಲೊಂದೇ ಅಣ್ಣ. ಒಗೀಬೇಡಿ, ಅಷ್ಟೇ," ಎಂದಳು.

ಒಗೆಯದಿರುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಯಾವುದಿದೆ? ಬೋಳು ಅದನ್ನು ಜೀವಮಾನವಿಡೀ ಮಾಡಿಕೊಂಡು ಬಂದವನು.

ಆದರೆ ಕಾಯುವವನಿಗೆ ನಿದ್ದೆ ಬಾರದು. ಚೀಲವನ್ನು ಮೊದಲು ಮಂಚದ ಕೆಳಗಿಟ್ಟ. ಕೆಲಸದಾಕೆ ಅಲ್ಲಿ ಒರೆಸುತ್ತಾಳೆ ಎಂದು ತೆಗೆದ. ಬೀರುವಿನಲ್ಲಿಟ್ಟ, ನುಸಿಗುಳಿಗೆಯ ವಾಸನೆ ಹತ್ತೀತು ಎಂದು ತೆಗೆದ. ಐದನೆಯ ದಿನ ಬೆಳಿಗ್ಗೆ ಅವನ ಬುದ್ಧಿ ಮಿಂಚಿತು. ನಾಲ್ಕು ತಿಂಗಳಿಂದ ಕೆಟ್ಟು ಮೂಲೆ ಹಿಡಿದಿದ್ದ ಒಂದು ಪೆಟ್ಟಿಗೆ ಮನೆಯಲ್ಲಿತ್ತು. ಅದರ ಬಾಗಿಲು ಗಾಳಿಯಾಡದಷ್ಟು ಬಿಗಿ. ಯಾರೂ ಅದನ್ನು ತೆರೆಯುವುದಿಲ್ಲ. ಗಾರ್ಡುಗಳನ್ನು ಒಂದೊಂದಾಗಿ ಅದರೊಳಗೆ ಜೋಡಿಸಿ ಬಾಗಿಲು ಒತ್ತಿದ. ಹೆಲ್ಮೆಟ್ ಹಿಡಿಸಲಿಲ್ಲ, ಅದು ಹೇಗೂ ತೊಳೆದದ್ದೇ, ಬೀರುವಿನ ಮೇಲಿಟ್ಟ. ಜಾಗ ಯಾವುದೆಂದು ಹೆಂಡತಿಗೂ ಹೇಳಲಿಲ್ಲ. ಗುಟ್ಟು ಎಂದ ಮೇಲೆ ಗುಟ್ಟು.

ಆ ಪೆಟ್ಟಿಗೆ ವಾಷಿಂಗ್ ಮಷೀನು.

ಸಂಜೆ ಅಂಗಡಿ ಮುಚ್ಚಿ ಬಂದವನಿಗೆ ಬಾಗಿಲಲ್ಲೇ ಹೂವಿನ ತೋಟದ ಪರಿಮಳ ಬಡಿಯಿತು. ಹೆಂಡತಿಯ ಮುಖದಲ್ಲಿ ನಾಲ್ಕು ತಿಂಗಳಿಂದ ಕಾಣದ ಕಳೆಯಿತ್ತು.

"ರಿಪೇರಿಯವನು ಅಂತೂ ಬಂದ ಕಣ್ರೀ. ಒಳಗೆ ಏನೋ ತುಂಬಿತ್ತಂತೆ, ಅದನ್ನೇ ಹಾಕಿ ಎರಡು ಸಲ ಓಡಿಸಿ ನೋಡಿದ್ನಂತೆ."

"ಎರಡು ಸಲಾನಾ?"

"ಮೊದಲನೇ ಸಲ ನೀರು ಕಪ್ಪಗೆ ಬಂತಂತೆ. ಅದಕ್ಕೆ ಎರಡನೇ ಸಲ ಬಿಸಿನೀರು."

ಬೋಳು ಮಷೀನಿನತ್ತ ಓಡಿದ. ಬಾಗಿಲು ತೆರೆದರೆ ಕವಚನ ಎದೆ, ಬೆನ್ನು, ಮೊಣಕಾಲು, ಮೊಣಕೈ ಎಲ್ಲ ಸಂಪಿಗೆ ಮಲ್ಲಿಗೆಯಾಗಿ ಮಲಗಿದ್ದವು. ವಿಷಯ ತಿಳಿದ ಹೆಂಡತಿ ಮಷೀನಿನ ಮುಂದೆ ನೆಲದ ಮೇಲೇ ಕೂತುಬಿಟ್ಟಳು. ನಡೆದದ್ದನ್ನು ಈಗಲೇ ಹೋಗಿ ಹೇಳಿಬಿಡಿ ಎಂದಳು. ಬೋಳು ಚಪ್ಪಲಿಯನ್ನೂ ಮೆಟ್ಟಿದ. ಗೇಟಿನವರೆಗೆ ಹೋಗಿ ವಾಪಸು ಬಂದ. ನಾದಿನಿಯರು ಮಾಡಿದ್ದನ್ನೇ ತಾನೂ ಮಾಡಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ಐದು ದಿನ ಉಳಿದಿತ್ತು. ಹೋದ ವಾಸನೆಯನ್ನು ಮತ್ತೆ ಹುಟ್ಟಿಸುವುದು ಎಂದು ಬೋಳು ನಿಶ್ಚಯಿಸಿದ. ಕನ್ನಡಕದವನಿಗೆ ನಂಬರು ಕೂಡಿಸುವುದು ಗೊತ್ತು. ಒಂದೊಂದೇ ಗಾಜು ಹಾಕಿ, ಈಗ ಹೇಗಿದೆ, ಈಗ ಹೇಗಿದೆ ಎನ್ನುತ್ತಾ ಹೋದರೆ ಅಕ್ಷರ ಸ್ಪಷ್ಟವಾಗಲೇಬೇಕು. ಕವಚನ ವಾಸನೆಯಲ್ಲಿ ಏನೇನಿತ್ತು? ಬೆವರು ಇತ್ತು. ಲಿಫ್ಟಿನ ಗ್ರೀಸು ಇತ್ತು. ಎಲ್ಲಕ್ಕಿಂತ ಮೇಲೆ, ಮೂಗು ಸುಡುವಂಥ ನೋವಿನೆಣ್ಣೆ. ಕಣ್ಣು ಮುಚ್ಚಿ ಕವಚನನ್ನು ನೆನೆದರೆ ಬೋಳುವಿಗೆ ಮೊದಲು ಬರುತ್ತಿದ್ದದ್ದೇ ಆ ಎಣ್ಣೆಯ ಘಾಟು. ಅಂಗಡಿಯ ಕಟ್ಟಡದ ಲಿಫ್ಟಿನ ಬಾಗಿಲಿಂದ ಗ್ರೀಸು ಕೆರೆದು ತಂದ. ಹಸಿರು ಸೀಸೆಯ ಆ ಎಣ್ಣೆ ತಂದು, ಎರಡನ್ನೂ ಗಾರ್ಡುಗಳ ಒಳಮೈಗೆ ಸವರಿದ. ಬೆವರಿಗೆ ಮಾತ್ರ ತನ್ನ ಮೈಯೇ ಗತಿ.

ಹೀಗೆ, ಹದಿನೆಂಟು ವರ್ಷ ಮೊಣಕಾಲಿಗೆ ಬಟ್ಟೆ ಚೂರೂ ಕಟ್ಟದ ಬೋಳು, ಬುಧವಾರ ಮೂರು ಗಂಟೆಯ ಉರಿಬಿಸಿಲಿನಲ್ಲಿ ಅಂಗಡಿ ಮುಚ್ಚಿ, ನೆತ್ತಿಯಿಂದ ಮೀನಖಂಡದವರೆಗೆ ಕಟ್ಟಿಕೊಂಡು ಗುಡ್ಡದ ತುದಿಯಲ್ಲಿ ನಿಂತ. ಎಷ್ಟು ಬಾರಿ ನಕ್ಕಿದ್ದನೋ ಅಷ್ಟೂ ಪಟ್ಟಿಗಳು ಈಗ ಅವನನ್ನು ಹಿಡಿದು ಅಮುಕುತ್ತಿದ್ದವು. ಹೆಲ್ಮೆಟ್ಟಿನೊಳಗೆ ತನ್ನ ಉಸಿರು ಬೇರೆ ಯಾರದ್ದೋ ಎಂಬಂತೆ ಕೇಳುತ್ತಿತ್ತು. ಹಾದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಎಡ ಮೊಣಕಾಲಿನಲ್ಲಿ ಏನೋ ತೊಡಕು. ಕವಚ ಒಮ್ಮೆ ಲಿಫ್ಟಿನ ಏಣಿಯಿಂದ ಬಿದ್ದಂದಿನಿಂದ ಅವನ ಎಡ ಮೊಣಕಾಲು ಪೂರ್ತಿ ನೇರವಾಗುತ್ತಿರಲಿಲ್ಲ. ಆ ಕಾಲನ್ನು ಒಂದು ಚೂರು ತಡೆದು, ಯೋಚಿಸಿದವನಂತೆ ನೆಲಕ್ಕಿಡುತ್ತಿದ್ದ. ವರ್ಷಗಟ್ಟಲೆ ಮೈಶಾಖ ಕುಡಿದ ಫೋಮು ಅದೇ ಬಾಗು ಹಿಡಿದಿತ್ತು. ಬಿಸಿನೀರಿಗೆ ವಾಸನೆ ಹೋಗಿತ್ತು, ಬಾಗು ಹೋಗಿರಲಿಲ್ಲ. ಬೋಳು ಕಾಲು ನೆಟ್ಟಗೆ ಮಾಡಲು ಹೋದರೆ ಗಾರ್ಡು ಮೆಲ್ಲಗೆ ಹಿಂದಕ್ಕೆ ಒತ್ತುತ್ತಿತ್ತು.

ಮೊದಲ ದಿನ ಬೆವರು ಬಂತು, ವಾಸನೆ ಬರಲಿಲ್ಲ. ಎರಡನೆಯ ದಿನ ಹೂವು ಸ್ವಲ್ಪ ಹಿಂದೆ ಸರಿಯಿತು. ಮೂರನೆಯ ದಿನ, ಹೊರಡುವ ಮುಂಚೆ ಅವನ ಬಲಗೈ ತಾನಾಗಿ ಎದ್ದು ಮೊಣಕಾಲಿಗೆರಡು, ಮೊಣಕೈಗೆರಡು, ಎದೆಗೆರಡು ತಟ್ಟಿತು. ಅದು ಕವಚನ ಅಭ್ಯಾಸ. ಬೋಳು ತನ್ನ ಕೈಯನ್ನೇ ನೋಡಿದ. ಕೈಗವಸಿನೊಳಗೆ ಅದು ಯಾರದ್ದೂ ಆಗಿರಬಹುದಿತ್ತು.

ಅರ್ಧ ಹಾದಿಯಲ್ಲಿ ದೊಡ್ಡ ಬಂಡೆ. ಅದರ ಬಲಕ್ಕೆ ಕಡಿದಾದ ಇಳಿಜಾರು, ಎಡಕ್ಕೆ ಸುತ್ತುದಾರಿ. ಹದಿನೆಂಟು ವರ್ಷದಲ್ಲಿ ಬೋಳು ಒಮ್ಮೆಯೂ ಎಡಕ್ಕೆ ಹೋದವನಲ್ಲ. ಎಡಕ್ಕೆ ಹೋಗುತ್ತಿದ್ದವನು ಕವಚ. ಅಂದು ಮುಂದಿನ ಚಕ್ರ ಎಡಕ್ಕೆ ತಿರುಗಿತು. ಹಾದಿ ಅವನಿಗೆ ಗೊತ್ತಿರಲಿಲ್ಲ, ಆದರೆ ಮೈ ಎಲ್ಲಿ ಬಗ್ಗಬೇಕೋ ಅಲ್ಲಿ ಬಗ್ಗಿತು, ಎಲ್ಲಿ ಬ್ರೇಕು ಒತ್ತಬೇಕೋ ಅಲ್ಲಿ ಒತ್ತಿತು. ಕೆಳಗಿನ ಮರದ ಬುಡಕ್ಕೆ ಬಂದು ಸೈಕಲ್ ನಿಲ್ಲಿಸಿದ. ನೆಲಕ್ಕೆ ಒಂದು ಕಾಲೂರಿ, ಹಿಂದಕ್ಕೆ ತಿರುಗಿ, ಹಾದಿಯ ಮೇಲಕ್ಕೆ ನೋಡುತ್ತ ನಿಂತ.

ಸುಮಾರು ಹೊತ್ತು ಹಾಗೇ ನಿಂತಿದ್ದ. ಎಲೆ ಅಲ್ಲಾಡುತ್ತಿರಲಿಲ್ಲ. ಯಾಕೆ ನಿಂತಿದ್ದೇನೆ ಎಂಬ ಪ್ರಶ್ನೆ ಬಂದಾಗ ಉತ್ತರವೂ ಜೊತೆಗೇ ಬಂತು, ಕುತ್ತಿಗೆಯ ಹಿಂದೆ ತಣ್ಣಗೆ: ತಾನು ಬೋಳುವಿಗಾಗಿ ಕಾಯುತ್ತಿದ್ದೇನೆ. ಕವಚ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲೇ ಹೊರಟು ಇಳಿದು, ಬೋಳು ಬೀಳದೆ ಬರುತ್ತಾನೋ ಎಂದು ಇದೇ ಮರದಡಿ ನಿಂತು ಹೀಗೇ ಮೇಲಕ್ಕೆ ನೋಡುತ್ತಿದ್ದ.

ಆಗ ಬಂಡೆಯ ಬಲಬದಿಯಿಂದ ಜಲ್ಲಿ ಸಿಡಿಯುವ ಸದ್ದು ಬಂತು. ಯಾರೋ ಜೋರಾಗಿ, ಲೆಕ್ಕವಿಲ್ಲದೆ, ಬ್ರೇಕು ಮುಟ್ಟದೆ ಇಳಿಯುತ್ತಿದ್ದಾರೆ. ಚೈನು ಬಡಿಯುವ ಸದ್ದು ಬೋಳುವಿಗೆ ಚೆನ್ನಾಗಿ ಪರಿಚಯವಿತ್ತು. ತನ್ನದೇ ಸೈಕಲ್ಲಿನದು. ಆ ಸೈಕಲ್ಲು ಅವನ ಕಾಲ ಸಂದಿಯಲ್ಲೇ ನಿಂತಿತ್ತು. ಸದ್ದು ತಿರುವಿನವರೆಗೆ ಬಂದು ನಿಂತಿತು. ಒಂದಿಷ್ಟು ದೂಳು ಎದ್ದು, ಬಿಸಿಲಿನಲ್ಲಿ ತೇಲಿ, ಕೂತುಕೊಂಡಿತು. ಯಾರೂ ಬರಲಿಲ್ಲ.

"ನಿಧಾನ ಕಣೋ," ಎಂದಿತು ಹೆಲ್ಮೆಟ್ಟಿನೊಳಗಿನ ಬಾಯಿ.

ಮನೆಗೆ ಹೇಗೆ ಬಂದನೋ ಅವನಿಗೆ ನೆನಪಿಲ್ಲ. ಬೆಲ್ ಒತ್ತಿದ. ಹೆಂಡತಿ ಬಾಗಿಲು ತೆರೆದು, ಸೆರಗು ಸರಿಮಾಡಿಕೊಂಡು, "ಬನ್ನಿ ಅಣ್ಣ, ಇವರು ಇನ್ನೂ ಬಂದಿಲ್ಲ, ಕೂತ್ಕೊಳ್ಳಿ," ಎಂದಳು. ಕಾಫಿಗೆ ಇಡಲು ಅಡುಗೆಮನೆಯ ಕಡೆ ಎರಡು ಹೆಜ್ಜೆ ಹಾಕಿದವಳು ಅಲ್ಲೇ ನಿಂತಳು. ತಿರುಗಿ ನೋಡಿದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅದನ್ನ ಬಿಚ್ಚಿ. ಹೊರಗೇ ಬಿಚ್ಚಿ ಒಳಗೆ ಬನ್ನಿ," ಎಂದಳು. ಬಿಚ್ಚಲು ಅವನ ಬೆರಳು ಒಪ್ಪುತ್ತಿರಲಿಲ್ಲ. ಕೊನೆಗೆ ಅವಳೇ ಮೆಟ್ಟಿಲ ಮೇಲೆ ಕೂರಿಸಿ ಒಂದೊಂದೇ ಪಟ್ಟಿ ಎಳೆದಳು. ಎಳೆಯುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಒಳಗಿರುವುದು ಗಂಡನೇ ಎಂದು ಖಾತರಿಯಾಗುವವರೆಗೆ ನೋಡುವ ಧೈರ್ಯ ಇರಲಿಲ್ಲ ಎಂದು ಆಮೇಲೆ ಹೇಳಿದಳು.

ಮತ್ತೆ ಅದನ್ನು ಅವನು ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ, ವಾಸನೆ ಕೂಡಿತ್ತು. ಶನಿವಾರ ಬೋಳು ಮೂಗಿಟ್ಟು ನೋಡಿದ. ಕವಚ ಬಗ್ಗಿ ಪಕ್ಕದಲ್ಲೇ ಕೂತಂತಿತ್ತು.

ಭಾನುವಾರ ಸಂಜೆ ಅತ್ತಿಗೆ ಬಂದಳು. ಸೋಫಾದ ಅಂಚಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಜಿಪ್ಪು ಎಳೆದು, ಎದೆಕವಚದೊಳಗೆ ಮುಖ ಇಟ್ಟಳು. ಬೋಳು ಗೋಡೆಯನ್ನು ನೋಡಿದ. ಅವನ ಹೆಂಡತಿ ಅವನನ್ನು ನೋಡಿದಳು. ಅತ್ತಿಗೆ ಮುಖ ಎತ್ತಿದಾಗ ಕಣ್ಣು ಒಣಗಿತ್ತು.

"ಇದಕ್ಕೆ ಎಣ್ಣೆ ಹಚ್ಚಿದ್ಯಾರು?"

ಬೋಳು ಎರಡೂ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಅವರು ಒಂದು ದಿನವೂ ಈ ಎಣ್ಣೆ ಹಚ್ಚಿಕೊಂಡವರಲ್ಲ. ಇಷ್ಟೆಲ್ಲ ಕಟ್ಟಿಕೊಂಡು ಹೋಗೋರಿಗೆ ಎಣ್ಣೆ ಯಾಕೆ ಬೇಕಿತ್ತು? ಘಾಟಿಗೆ ತಲೆ ನೋಯುತ್ತೆ ಅಂತ ಮನೆಗೆ ಬಂದು ಮೂರು ಸಲ ಕೈ ತೊಳೀತಿದ್ರು. ಸೀಸೆ ಇಟ್ಟುಕೊಂಡಿದ್ದದ್ದು ನಿಮಗೋಸ್ಕರ ಅಣ್ಣ. ನೀವು ಬೀಳ್ತಿದ್ರಲ್ಲ."

ಬೋಳು ಬಿದ್ದಾಗೆಲ್ಲ ಬಗ್ಗಿ ಕೂತು ಉಜ್ಜುತ್ತಿದ್ದವನ ಮುಖವೇ ಅವನಿಗೆ ಇಷ್ಟು ವರ್ಷ ಆ ಘಾಟಿನೊಳಗಿಂದ ಕಾಣಿಸುತ್ತಿತ್ತು. ಅವನು ಮೂರು ದಿನ ಬೆವರು ಸುರಿಸಿ ತಯಾರಿಸಿದ್ದು ತನ್ನದೇ ಗಾಯಗಳ ವಾಸನೆ.

ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಮಷೀನಿನಿಂದ ಹಿಡಿದು ಗ್ರೀಸಿನವರೆಗೆ ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಸಿದ. ಮರದಡಿಯ ಸಂಗತಿ ಒಂದನ್ನು ಬಿಟ್ಟು. ಅತ್ತಿಗೆ ಪೂರ್ತಿ ಕೇಳಿದಳು. ಕವಚವನ್ನು ಮಡಚಿ ಚೀಲಕ್ಕೆ ಹಾಕಿ, ಮೆಲ್ಲಗೆ ಜಿಪ್ಪು ಎಳೆದಳು.

"ಮಷೀನು ಈಗ ಸರಿಯಾಗಿ ಓಡ್ತಿದ್ಯಾ?" ಎಂದು ಕೇಳಿದಳು.

ಚೆನ್ನಾಗಿ ಓಡುತ್ತಿದೆ ಎಂದು ಬೋಳುವಿನ ಹೆಂಡತಿ ಹೇಳಿದಳು. ಹೇಳಿದವಳೇ ಬಿಕ್ಕಿದಳು. ಅತ್ತಿಗೆ ನಕ್ಕಳೋ ಅತ್ತಳೋ, ಭುಜ ಮಾತ್ರ ಅಲುಗಿತು. ಒಂದು ಲೋಟ ನೀರು ಕೊಡಿ ಎಂದಳು. ಸದ್ಯ ಎದ್ದು ಹೋಗಲು ಒಂದು ನೆಪ ಸಿಕ್ಕಿತಲ್ಲ ಎಂದು ಬೋಳು ಅಡುಗೆಮನೆಗೆ ಹೋಗಿ, ನೀರು ತುಂಬಿಕೊಂಡು, ಲೋಟದ ಮೇಲೇ ಕಣ್ಣಿಟ್ಟು ನಡುಮನೆಗೆ ಬಂದ.

ಅತ್ತಿಗೆ ಲೋಟಕ್ಕೆ ಕೈ ಚಾಚಲಿಲ್ಲ. ಅವಳು ಅವನ ಕಾಲುಗಳನ್ನು ನೋಡುತ್ತಿದ್ದಳು.

"ಅಣ್ಣ, ಇನ್ನೊಂದು ಸಲ ಅಲ್ಲಿಂದ ನಡೆದು ಬನ್ನಿ."

ಮೈಮೇಲೆ ಒಂದು ಗಾರ್ಡೂ ಇರಲಿಲ್ಲ, ಪೈಜಾಮ ಮಾತ್ರ. ಆದರೂ ಅವಳು ಏನು ಕಂಡಳೆಂದು ಬೋಳುವಿಗೆ ತಕ್ಷಣ ತಿಳಿಯಿತು. ಇದೊಂದನ್ನಾದರೂ ಅವಳಿಗೆ ಕೊಡಬಹುದಲ್ಲ! ಅಡುಗೆಮನೆಯ ಬಾಗಿಲಿಗೆ ಹೋಗಿ, ತಿರುಗಿ, ಮನಸ್ಸಿಟ್ಟು ನಡೆದ. ಎಡಗಾಲನ್ನು ತಡೆದ, ಮೊಣಕಾಲು ಬಗ್ಗಿಸಿದ, ಯೋಚಿಸಿದವನಂತೆ ನೆಲಕ್ಕಿಟ್ಟ. ಸಾಲದೆಂದು ಇನ್ನೊಮ್ಮೆ ಹೋಗಿ ಬಂದ. ಮೂರನೆಯ ಸಲ ಬರುವಾಗ ಅತ್ತಿಗೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದಳು.

"ಸಾಕು ಬಿಡಿ ಅಣ್ಣ," ಎಂದಳು, ಪ್ರೀತಿಯಿಂದಲೇ. "ಮೊದಲನೇ ಸಲ, ನೀರು ತಂದಾಗ, ಸರಿಯಾಗಿತ್ತು. ಈಗ ನಡೀತಿರೋರು ನೀವು."