ಅಥೆನ್ಸಿನ ಹೆಬ್ಬಾಗಿಲಲ್ಲಿ ಬಿಚ್ಚಿದ ಬೂಟು

ಯಾರನ್ನಾದರೂ ಬೇಸ್ತು ಬೀಳಿಸದ ದಿನ ನನಗೆ ತಿಂದದ್ದು ಅರಗುವುದಿಲ್ಲ. ಇದನ್ನು ವೈದ್ಯನಾಗಿಯೇ ಹೇಳುತ್ತಿದ್ದೇನೆ. ಡರ್ಹಮ್‌ನಲ್ಲಿ ಮೂವತ್ತೈದು ವರ್ಷ ಊರವರ ಹೊಟ್ಟೆ ನೋಡಿದವನು ನಾನು. ಈಗ ಎಪ್ಪತ್ತೊಂಬತ್ತು. ಕಮ್ಮಿಂಗ್ ಎಂಬ ಪರದೇಶದ ಊರಿನಲ್ಲಿ ಮಗಳ ಮನೆಯ ಹತ್ತಿರವೇ ಮನೆ ಮಾಡಿಕೊಂಡು, ಬೀದಿಯವರನ್ನೆಲ್ಲ ಸರದಿಯ ಮೇಲೆ ಗೋಳು ಹೊಯ್ದುಕೊಳ್ಳುತ್ತಿದ್ದೇನೆ. ಹೆಚ್ಚಿನ ಸರದಿ ಪಕ್ಕದ ಮನೆಯ ಮೂರ್ತಿಗೆ. ಮೈಸೂರಿನ ಸಾಫ್ಟ್‌ವೇರ್ ಹುಡುಗ, ಐವತ್ತಾದರೂ ಹೇಳಿದ್ದನ್ನೆಲ್ಲ ನಂಬುತ್ತಾನೆ. ನನ್ನ ಕಾರು ರಸ್ತೆ ಬದಿಗೆ ಟಪಾಲಿಗೆಂದು ನೆಟ್ಟ ಅವನ ಮೇಲ್‌ಬಾಕ್ಸನ್ನು ಎರಡು ಸಲ ಕೆಡವಿದಾಗಲೂ, ಅದು ರಸ್ತೆಯ ಕಡೆಗೆ ವಾಲಿತ್ತೆಂದು ಅವನನ್ನೇ ಒಪ್ಪಿಸಿದ್ದೆ.

ಮಗಳು ಸುಮಾ ಮಾತ್ರ ಒಪ್ಪಲಿಲ್ಲ. ಕಾರಿನ ಕೀ ಕೊಟ್ಟುಬಿಡು ಎಂದು ಹಟ ಹಿಡಿದಳು. ಬಸ್ಸೇ ಇಲ್ಲದ ಕಮ್ಮಿಂಗ್‌ನಲ್ಲಿ ಕಾರಿಲ್ಲದವನು ಕರಿಬೇವಿಗೂ ಪರಾಧೀನ. ಅಷ್ಟರಲ್ಲಿ ನಾನು, ಸುಮಾ, ಮೂರ್ತಿ ಮೂವರೂ ಗ್ರೀಸ್ ಪ್ರವಾಸಕ್ಕೆ ಹೊರಟಿದ್ದೆವು. ಅಥೆನ್ಸಿನ ಗುಡ್ಡದ ಮೇಲೆ ದೇವಿಯ ಗುಡಿಯಿದೆಯಲ್ಲ, ಅದರ ಹೆಬ್ಬಾಗಿಲು ದಾಟುವವರೆಗೆ ನಾನು ಎಲ್ಲೂ ಕೂರದೆ ಹತ್ತಿದರೆ ಕೀ ನನ್ನದು, ಕೂತರೆ ಅವಳದು ಎಂದು ಪಂದ್ಯ ಕಟ್ಟಿದೆವು. ನಾನು ಓಡುವ ಸ್ಪೀಡಿಗೆ ನಿನಗೆ ವಿಡಿಯೋ ತೆಗೆಯಲೂ ಆಗುವುದಿಲ್ಲ ಎಂದು ಕೊಚ್ಚಿಕೊಂಡೆ.

ಹತ್ತಿಯೂ ಬಿಟ್ಟೆ. ಬೆಳಗಿನ ಬಿಸಿಲಲ್ಲಿ ಆ ಹೆಬ್ಬಾಗಿಲು ತಲೆಯ ಮೇಲೆ ಎದ್ದು ನಿಂತಾಗ ನನ್ನ ಮೊಣಕಾಲು ತನ್ನ ವಯಸ್ಸನ್ನೇ ಮರೆತಿತ್ತು. ಜೇನುಬಣ್ಣದ ಅಮೃತಶಿಲೆ, ಮೂವರು ಕೈಹಿಡಿದು ತಬ್ಬಬೇಕಾದ ಕಂಬಗಳು, ನಡುವೆ ನೀಲಿ ಆಕಾಶ. ಬಾಗಿಲು ಒಂದಲ್ಲ, ಐದು. ನಡುವಿನದರಲ್ಲಿ ದಸರಾ ಆನೆ ಅಂಬಾರಿ ಸಮೇತ ನುಗ್ಗಬಹುದು. ಇನ್ನು ನಾಲ್ಕೇ ಮೆಟ್ಟಿಲು. ಪಕ್ಕದಲ್ಲಿ ಮೂರ್ತಿ ಬಾಯಿ ತೆರೆದು ನೋಡುತ್ತಿದ್ದ. ಅಂಥ ಮುಖ ಕಂಡಮೇಲೆ ಸುಮ್ಮನಿರುವುದು ನನ್ನ ಕೈಲಾಗದು.

"ದೇವಸ್ಥಾನ ಕಣಯ್ಯ, ಇಲ್ಲೇ ಚಪ್ಪಲಿ ಬಿಡ್ಬೇಕು. ಬೋರ್ಡ್ ಗ್ರೀಕಲ್ಲಿದೆ" ಎಂದೆ.

ನಂಬಿಕೆ ಬರಲೆಂದು, ಕಂಬಿ ಹಿಡಿದು ಹಿಮ್ಮಡಿಗೆ ಹಿಮ್ಮಡಿ ಉಜ್ಜಿ ನನ್ನ ಬೂಟನ್ನೇ ಮೊದಲು ಕಳಚಿದೆ. ಮೂರ್ತಿ ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದ. ಕಾವಲಿನ ಹೆಂಗಸು ಚಪ್ಪಲಿ ಹಾಕಿಕೋ ಎಂದು ಕೈಮಾಡಿ ಸೀಟಿ ಊದಿದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೂರ್ತಿ ಚಪ್ಪಲಿಗೆ ಕಾಲು ತೂರಿಸಿ ಬಾಗಿಲು ದಾಟಿ ಹೋಗಿಯೇಬಿಟ್ಟ. ಆಗ ಆಕೆ ನನ್ನ ಕಾಲು ತೋರಿಸಿ ಮತ್ತೆ ಊದಿದಳು.

ನನ್ನದು ಲೇಸಿನ ಬೂಟು. ಜಾರುವ ಕಲ್ಲೆಂದು ಸುಮಾಳೇ ಕೊಡಿಸಿದ್ದು. ಬಗ್ಗಿದರೆ ಮೊಣಕಾಲು ಕೇಳದು, ಒಂಟಿಕಾಲಲ್ಲಿ ನಿಂತರೆ ಇಡೀ ಗ್ರೀಸ್ ತಿರುಗುತ್ತದೆ. ಹಿಂದೆ ಜನ ಒತ್ತರಿಸುತ್ತಿದ್ದರು. ಮೂರನೇ ಸೀಟಿಗೆ ಮೆಟ್ಟಿಲ ಮೇಲೆ ಕೂತೆ.

ಬಾಗಿಲಾಚೆ ಸುಮಾ ಫೋನ್ ಹಿಡಿದು ನಿಂತಿದ್ದಳು. ವಿಡಿಯೋ ಚೆನ್ನಾಗಿಯೇ ಬಂದಿತ್ತು. "ಅಪ್ಪಾ, ನೀನು ಕೂತೆ. ಕೀ ಪ್ಲೀಸ್."

ಇದು ಕೂರುವುದಲ್ಲ, ಲೇಸು ಕಟ್ಟುವ ಭಂಗಿ ಎಂದು ವೈದ್ಯಶಾಸ್ತ್ರದ ಆಧಾರದ ಮೇಲೆ ವಾದಿಸಿದೆ. ಅವಳು ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ವಾಪಸು ಬಂದು ಲೇಸು ಕಟ್ಟಿದವನು ಮೂರ್ತಿ.

ಈಗ ಪ್ರತಿ ಶನಿವಾರ ಅಂಗಡಿಗೆ ಅವನ ಕಾರಿನಲ್ಲೇ ನನ್ನ ಸವಾರಿ. ಬಾಗಿಲು ತೆಗೆದೊಡನೆ ಅವನು ಬಹಳ ಗಂಭೀರವಾಗಿ ಹೇಳುತ್ತಾನೆ: "ಅಂಕಲ್, ಶೂಸ್ ಬಿಟ್ಟು ಹತ್ತಿ. ಬೋರ್ಡ್ ಗ್ರೀಕಲ್ಲಿದೆ."

ಬಿಟ್ಟೇ ಹತ್ತುತ್ತೇನೆ. ಹೊರಡುವಾಗ ಕಿಟಕಿಯಲ್ಲಿ ಅವನ ಮೇಲ್‌ಬಾಕ್ಸ್ ಕಾಣುತ್ತದೆ. ನೆಟ್ಟಗೆ ನಿಂತಿದೆ. ಮೊದಲೂ ನೆಟ್ಟಗೇ ಇತ್ತು.