ಒಳಗಿವಿಯ ಶಿಳ್ಳೆ

ಕಣ್ಣು ಮಂಜಾದರೆ ಮನುಷ್ಯ ಕನ್ನಡಕ ಹಾಕಿಕೊಂಡು ಒಪ್ಪಿಕೊಳ್ಳುತ್ತಾನೆ. ಕಿವಿ ಕೆಟ್ಟರೆ ಮಾತ್ರ ಎದುರಿನವರಿಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಅನ್ನುತ್ತಾನೆ. ನಾನು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದವನು. ನನ್ನ ಕಿವಿ ಕೆಟ್ಟಾಗ ಹನ್ನೊಂದು ಗೇರ್‌ಬಾಕ್ಸುಗಳು ಕೆಟ್ಟಿವೆ ಎಂದು ಬರೆದುಕೊಟ್ಟೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ತಪಾಸಣೆಯವನು. ಗೇರ್‌ಬಾಕ್ಸನ್ನು ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ಕಿವಿಗೂ ಒತ್ತಿ, ಒಳಗಿನ ಆರೋಗ್ಯ ಹೇಳುವುದು ನನ್ನ ಕೆಲಸ. ಇದಕ್ಕೆ ಈಗ ಯಂತ್ರಗಳಿವೆ. ನಮ್ಮ ಮಾಲೀಕರು ನನ್ನ ಕಿವಿಯನ್ನೇ ನಂಬಿದ್ದಾರೆ. ನನಗೂ ಅದರ ಜಂಬ ಕಡಿಮೆಯೇನಿರಲಿಲ್ಲ. ಹೆಣ್ಣು ನೋಡಲು ಹೋದ ದಿನ ಎಲ್ಲರೂ ಹುಡುಗಿಯ ಹಾಡು ಕೇಳುತ್ತಿದ್ದರೆ ನಾನು ಮಾವನವರ ಫ್ಯಾನು ಕೇಳಿ, ಬೇರಿಂಗ್ ಹೋಗಿದೆ ಅಂದಿದ್ದೆ. ಹಾಡು ಹೇಗಿತ್ತು ಅಂತ ಹೆಂಡತಿ ಇವತ್ತಿಗೂ ವಿಚಾರಿಸುತ್ತಾಳೆ.

ಹೋದ ತಿಂಗಳು ಒಂದು ಸೋಮವಾರ, ತುರ್ತಾಗಿ ಕಳಿಸಬೇಕಿದ್ದ ಸರಕಿನ ಮೊದಲ ಗೇರ್‌ಬಾಕ್ಸಿನಲ್ಲೇ ಸಣ್ಣಗೆ ಶಿಳ್ಳೆ ಕೇಳಿಸಿತು. ಎರಡನೆಯದರಲ್ಲೂ ಅದೇ. ಹನ್ನೊಂದರಲ್ಲೂ ಅದೇ. ಅವನ್ನು ಜೋಡಿಸಿದವಳು ಮಲ್ಲಮ್ಮ, ಯಾದಗಿರಿ ಕಡೆಯವಳು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಾಳೆ. ಕೈಯಲ್ಲಿ ಜೀವ ಇಲ್ಲವೇ ಎಂದು ಎಲ್ಲರೆದುರು ಅವಳ ಮೇಲೆ ಕೂಗಾಡಿದೆ. ಅವಳು ಎರಡು ದಿನ ಕೂತು ಹನ್ನೊಂದನ್ನೂ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದಳು. ಶಿಳ್ಳೆ ಹೋಗಲಿಲ್ಲ. ಇನ್ನು ಅವಳನ್ನು ಪ್ಯಾಕಿಂಗ್‌ಗೆ ಹಾಕೋಣ ಅಂದರು ಮಾಲೀಕರು. ನಾನು ಹೂಂ ಅಂದೆ.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಷೆಡ್ಡಿನ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಶಿಳ್ಳೆ ನಿಲ್ಲಲಿಲ್ಲ.

ಕಿವಿ ಡಾಕ್ಟರು ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಇಷ್ಟು ವರ್ಷದ ಯಂತ್ರದ ಸದ್ದು ಕಿವಿಯನ್ನು ಸವೆಸಿದೆಯಂತೆ. ಅದರ ಮೇಲೆ ಟೆನ್ಶನ್ನು ಬೇರೆ. ಗಾಬರಿಯಾದಾಗ, ಸಿಟ್ಟು ಬಂದಾಗ ರಕ್ತಕ್ಕೆ ಒಂದು ಹಾರ್ಮೋನು ಇಳಿಯುತ್ತದೆ, ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಒಳಗಿವಿಯಲ್ಲೂ ಇವೆ ಎಂದು ವಿವರಿಸಿದರು. ಹಿತ್ತಾಳೆ ಕಿವಿ ಗೊತ್ತಿತ್ತು. ಕಿವಿಯೊಳಗೆ ಗ್ರಾಹಕರು ಕ್ಯೂ ನಿಂತಿರುವುದು ನನಗೆ ಗೊತ್ತಿರಲಿಲ್ಲ. ಕೊನೆಗೆ ಡಾಕ್ಟರು, "ಕೆಲಸದ ಜಾಗದಲ್ಲಿ ನಿಮಗೆ ಟೆನ್ಶನ್ ಕೊಡೋರು ಯಾರಾದ್ರೂ ಇದ್ರೆ, ಸ್ವಲ್ಪ ದೂರ ಇರಿ" ಅಂದರು. ನಾನು ಬಸ್ಸಿನಲ್ಲಿ ಕೂತು ಮಾಲೀಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರನ್ನೂ ನೆನೆದೆ. ಮಲ್ಲಮ್ಮನ ಹೆಸರೂ ಬಂದುಹೋಯಿತು ಎನ್ನಲು ನಾಚಿಕೆಯಾಗುತ್ತದೆ.

ಧೈರ್ಯ ಕೂಡಲು ಇನ್ನೂ ಒಂದು ದಿನ ಹಿಡಿಯಿತು. ಮಾಲೀಕರ ಬಳಿ ಹೋಗಿ, ಗೇರ್‌ಬಾಕ್ಸುಗಳು ಸರಿಯಾಗಿವೆ, ಕೆಟ್ಟಿರುವುದು ನಾನು ಅಂದೆ. ಅವರು ತಪಾಸಣೆಯ ಯಂತ್ರ ತರಿಸಿ ನೋಡಿದರು. ಸರಕು ಅದೇ ಸಂಜೆ ಹೋಯಿತು, ಮಲ್ಲಮ್ಮ ತನ್ನ ಜಾಗದಲ್ಲೇ ಉಳಿದಳು. ನಾನು ಅವಳ ಹತ್ತಿರ ಹೋಗಿ ತಪ್ಪಾಯಿತು ಅಂದೆ. ನಿನಗೆ ಶಿಳ್ಳೆ ಕೇಳಿಸಲಿಲ್ಲ ಅಂತ ಮೊದಲೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

ಅವಳು ಸ್ಪ್ಯಾನರು ಕೆಳಗಿಟ್ಟು, "ನನಗೂ ಕೇಳಸ್ತಿತ್ತರೀ ಸರ" ಅಂದಳು. "ಎರಡ ವರ್ಷ ಆತು, ಕಿವ್ಯಾಗ ಗುಂಯ್ ಅಂತೈತಿ. ಗೇರ್‌ಬಾಕ್ಸಿಂದೋ ನಂದೋ ಗೊತ್ತಾಗಲಿಲ್ಲ."

ನಾನು ಮಾಲೀಕರ ಇನ್ನೊಂದು ಷೆಡ್ಡಿನಿಂದ ಈ ಷೆಡ್ಡಿಗೆ ಬಂದು ಎರಡು ವರ್ಷ. ಅವಳಿಗೆ ಡಾಕ್ಟರ ವಿಳಾಸ ಕೊಟ್ಟೆ. ಅವರು ಕೊನೆಯಲ್ಲಿ ಏನು ಸಲಹೆ ಕೊಡುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ.